ತಾವರೆಯ ನಂಟರು

ಕೆರೆಯಲ್ಲಿ ತಾವರೆ, ನೈದಿಲೆ ಅಕ್ಕಪಕ್ಕ ಅರಳಿದ್ದರೆ ಯಾರಾದರೂ ಒಡಹುಟ್ಟಿದವೆಂದೇ ಹೇಳುತ್ತಾರೆ. ಕೆಸರಲ್ಲಿ ಬೇರು, ಅಗಲವಾದ ದುಂಡೆಲೆ, ಸುತ್ತು ಸುತ್ತಾಗಿ ದಳ. ಕೇಸರ ಎಣಿಸಿ ಗಿಡಗಳನ್ನು ವಿಂಗಡಿಸಿದ ಲಿನೇಯಸ್ ಕೂಡ 1753ರಲ್ಲಿ ತಾವರೆಯನ್ನು ನೈದಿಲೆಯ ಕುಲಕ್ಕೇ ಸೇರಿಸಿದ್ದ.

ಆದರೆ ಹೋಲಿಕೆ ಬೇರೆ, ನಂಟು ಬೇರೆ. ನೀರಿನ ಬಾಳಿಗೆ ಅಗಲ ಎಲೆಯೂ ಗಾಳಿ ತುಂಬಿದ ದಂಟೂ ಅನುಕೂಲ. ಸಂಬಂಧವೇ ಇಲ್ಲದ ಗಿಡಗಳೂ ಅವನ್ನು ಪಡೆದುಕೊಳ್ಳಬಹುದು. ವಂಶ ತಿಳಿಯಬೇಕಾದರೆ ಕೆರೆಯ ಒತ್ತಡ ಅಷ್ಟಾಗಿ ತಟ್ಟದ ಭಾಗಗಳನ್ನು ನೋಡಬೇಕು.

ಪೂಜೆಗೆ ತಂದ ತಾವರೆಯನ್ನೇ ಉದ್ದಕ್ಕೆ ಸೀಳಿ. ನಡುವೆ ಲಾಳಿಕೆಯಾಕಾರದ, ತಲೆ ಚಪ್ಪಟೆಯಾದ ಹಳದಿ ಪೀಠ. ಅದರ ತುಂಬ ಗುಳಿಗಳು. ಗುಳಿಗೊಂದು ಪುಟ್ಟ ಅಂಡಾಶಯ, ಪಕ್ಕದ್ದನ್ನು ಮುಟ್ಟದೆ ಒಂಟಿಯಾಗಿ ಕೂತಿರುತ್ತದೆ. ನೈದಿಲೆಯನ್ನು ಸೀಳಿದರೆ ಕೋಣೆಗಳೆಲ್ಲ ಬೆಸೆದುಕೊಂಡು ಒಂದೇ ಕಾಯಿ, ಕೋಣೆಯ ತುಂಬ ಬೀಜ. ಅಂಡಾಶಯದ ಮೂಲರೂಪ ಮಡಿಚಿದ ಎಲೆಯಂತಿತ್ತೆಂದು 1951ರಲ್ಲಿ ಹಾರ್ವರ್ಡಿನ ಬೈಲಿಯವರ ಜೊತೆ ವಾದಿಸಿದವರು ನಮ್ಮ ಬಿ.ಜಿ.ಎಲ್. ಸ್ವಾಮಿ. ಅವರ ‘ಹಸುರು ಹೊನ್ನು’ ಓದಿದವರಿಗೆ ಆ ಕಣ್ಣಿನ ಸೂಕ್ಷ್ಮ ಗೊತ್ತು.

ಪರಾಗದ ಸಾಕ್ಷಿ ಇನ್ನೂ ಬಲವಾದದ್ದು. ಸೂಕ್ಷ್ಮದರ್ಶಕದಲ್ಲಿ ತಾವರೆಯ ಪರಾಗದ ಮೇಲೆ ಮೂರು ಸೀಳುಗೆರೆ ಕಾಣುತ್ತವೆ. ನೈದಿಲೆಯದರಲ್ಲಿ ಸುತ್ತಲೂ ಉಂಗುರದಂಥ ಒಂದೇ ಪಟ್ಟಿ. ಮೂರು ಸೀಳಿನ ಮಾದರಿ, ಅದರಿಂದ ಬೆಳೆದ ಮಾದರಿಗಳು, ಹೂಗಿಡಗಳಲ್ಲಿ ಮುಕ್ಕಾಲು ಪಾಲಿನ ಗುರುತು. ಅವರೆ, ಹತ್ತಿ, ಸೂರ್ಯಕಾಂತಿ ಎಲ್ಲವೂ ಆ ಬಳಗದವು. ನೈದಿಲೆ ಅದಕ್ಕೂ ಮೊದಲೇ ಕವಲೊಡೆದ ವಂಶದ್ದು.

ಹಾಗೆಂದು ಪರಾಗವೊಂದನ್ನೇ ನಂಬಿದರೂ ಮೋಸ ಹೋಗುತ್ತೇವೆ. ಗಾಳಿಯಲ್ಲಿ ಪರಾಗ ತೂರುವ ಗಿಡಗಳು ಯಾವ ಕುಟುಂಬದವಾದರೂ ಕಣಗಳು ನುಣುಪಾಗಿಬಿಡುವುದುಂಟು. ಹೂವಿನ ಒಡಲು, ಪರಾಗ, ಡಿಎನ್‌ಎ ಮೂರೂ ಒಂದೇ ಮಾತು ಹೇಳಿದಾಗ ನಂಬಿಕೆ ಗಟ್ಟಿಯಾಗುತ್ತದೆ. ತಾವರೆಯ ವಿಷಯದಲ್ಲಿ ಆದದ್ದು ಅದೇ.

ಡಿಎನ್‌ಎ ಇರುವಾಗ ಪರಾಗ ನೋಡುವ ಶ್ರಮವೇಕೆ ಎಂದು ಕೇಳುವವರಿದ್ದಾರೆ. ಅದನ್ನು ನಾನು ಒಪ್ಪಲಾರೆ. ಮೂರು ಸೀಳಿನ ಪರಾಗ ಸುಮಾರು 12.5 ಕೋಟಿ ವರ್ಷ ಹಳೆಯ ಶಿಲಾಪದರಗಳಲ್ಲೂ ಸಿಕ್ಕಿದೆ. ಅದರ ಹೊರಗೋಡೆ ಆಮ್ಲಕ್ಕೂ ಜಗ್ಗದಷ್ಟು ಗಟ್ಟಿ. ಅಷ್ಟು ಹಿಂದಿನ ಡಿಎನ್‌ಎ ಉಳಿದಿಲ್ಲ. ಅಲ್ಲಿ ಮಾತಾಡುವುದು ಆಕಾರ ಮಾತ್ರ.

ಡಿಎನ್‌ಎ ಆಧರಿಸಿದ 1998ರ ಹೊಸ ವರ್ಗೀಕರಣ ತಾವರೆಯನ್ನು ಪ್ರೋಟಿಯೇಲೀಸ್ ಗಣಕ್ಕೆ ಸೇರಿಸಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಮರವೂ ಅದೇ ಗಣದ್ದು. ತಾವರೆಗೆ ಪಕ್ಕದ ನೈದಿಲೆಗಿಂತ ಆ ಮರವೇ ಹತ್ತಿರದ ನೆಂಟ.