ತಿದ್ದಲು ಇನ್ನೊಂದು ಕೈ

ಅಕ್ಷರ ಕಲಿಯುವುದಕ್ಕೂ ತಪ್ಪನ್ನು ಸರಿಪಡಿಸುವುದಕ್ಕೂ ಕನ್ನಡದಲ್ಲಿ ಒಂದೇ ಮಾತು: ತಿದ್ದುವುದು. ಮರಳಿನ ಮೇಲೋ ಸ್ಲೇಟಿನ ಮೇಲೋ ಮಗು ‘ಅ’ ತಿದ್ದುವಾಗ ಪಕ್ಕದಲ್ಲಿ ಅದರ ಬೆರಳು ಹಿಡಿದವರೊಬ್ಬರು ಇರುತ್ತಾರೆ. ಅಕ್ಷರ ವಿನ್ಯಾಸ ಕಲಿಯುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಇಂದು ಬೇಕಾಗಿರುವುದೂ ಹಾಗೆ ಪಕ್ಕದಲ್ಲಿ ಕೂರುವವರೇ.

ದೊಡ್ಡ ವಿನ್ಯಾಸ ಶಾಲೆಗಳಲ್ಲಿ ಈ ಕೊರತೆ ಅಷ್ಟಿಲ್ಲ. ಅರೆಬರೆ ಕೆಲಸವನ್ನೇ ಗೋಡೆಗೆ ಅಂಟಿಸುತ್ತಾರೆ, ಹತ್ತು ಜನ ಸುತ್ತ ನಿಂತು ಮಾತಾಡುತ್ತಾರೆ, ಕಲಿಕೆ ನಡೆಯುವುದು ಆ ಗೋಡೆಯ ಮುಂದೆ. ಆದರೆ ದಾವಣಗೆರೆಯಲ್ಲೋ ಕಲಬುರಗಿಯಲ್ಲೋ ಚಿತ್ರಕಲೆ ಓದುತ್ತ, ತರಗತಿಗೆಲ್ಲ ತಾನೊಬ್ಬಳೇ ಕನ್ನಡ ಫಾಂಟ್ ರೂಪಿಸಲು ಹೊರಟವಳಿಗೆ ಆ ಗೋಡೆ ಎಲ್ಲಿದೆ? ಅವಳ ಪಾಲಿಗೆ ಅಂತರ್ಜಾಲವೇ ಗೋಡೆ.

ಅಲ್ಲಿ ಜಾಗವಂತೂ ಇದೆ. 2009ರಲ್ಲಿ ಶುರುವಾದ ಡ್ರಿಬಲ್, ಮೊದಮೊದಲು ಕೈಯಲ್ಲಿರುವ ಕೆಲಸದ 400×300 ಪಿಕ್ಸೆಲ್‌ಗಳ ಪುಟ್ಟ ತುಣುಕನ್ನು ಗೆಳೆಯರಿಗೆ ತೋರಿಸುವ ತಾಣವಾಗಿತ್ತು. ದಿನ ಕಳೆದಂತೆ ಇಂಥ ಕಡೆಗಳಲ್ಲೆಲ್ಲ ಥಳಕಿನ ಸಿದ್ಧ ಚಿತ್ರಗಳೇ ತುಂಬಿಕೊಂಡವು. 2014ರಲ್ಲಿ ಬಾರ್ಸಿಲೋನಾದಲ್ಲಿ ಹುಟ್ಟಿದ ‘36 ಡೇಸ್ ಆಫ್ ಟೈಪ್’ ದಿನಕ್ಕೊಂದು ಅಕ್ಷರ ಬರೆದು ಹಂಚಿಕೊಳ್ಳುವ ಚಂದದ ಆಟ. ಆದರೆ ಅದರ ಲೆಕ್ಕ ರೋಮನ್ ಲಿಪಿಯದು: 26 ಅಕ್ಷರ, 10 ಅಂಕಿ. ನಮ್ಮ ವರ್ಣಮಾಲೆಯಲ್ಲೇ 49 ಅಕ್ಷರಗಳು. ಕಾಗುಣಿತ, ಒತ್ತಕ್ಷರಗಳನ್ನು ಇನ್ನೂ ಎಣಿಸಿಲ್ಲ.

ಕಷ್ಟ ಸಂಖ್ಯೆಯದಷ್ಟೇ ಅಲ್ಲ, ಕಣ್ಣಿನದು. ‘ಸ್ತ್ರೀ’ ಎಂದು ಬರೆಯುವಾಗ ಸಕಾರಕ್ಕೆ ತಕಾರದ ಒತ್ತು, ರಕಾರದ ಒತ್ತು, ಮೇಲೆ ಗುಡಿಸು, ಬಲಕ್ಕೆ ದೀರ್ಘ. ಇವೆಲ್ಲ ಒಂದೇ ಸಾಲಿನಲ್ಲಿ ಉಸಿರಾಡಬೇಕು. ಕೆಳಗಿನ ಸಾಲಿನ ತಲೆಕಟ್ಟಿಗೆ ಒತ್ತು ತಗುಲಬಾರದು. ಇಲ್ಲಿ ಎಡವಿದರೆ ಕನ್ನಡ ಓದದವರಿಗೆ ಗೊತ್ತೇ ಆಗುವುದಿಲ್ಲ; ಅವರು ಮೆಚ್ಚುಗೆಯ ಗುರುತು ಒತ್ತಿ ಮುಂದೆ ಹೋಗುತ್ತಾರೆ. ಓದುವ ನಾವಾದರೂ ‘ಸೂಪರ್’ ಎಂದಷ್ಟೇ ಬರೆದರೆ ಆ ಹುಡುಗಿಗೆ ಸಿಕ್ಕಿದ್ದೇನು? ‘ಹತ್ತು ಪಾಯಿಂಟಿನಲ್ಲಿ ನಿನ್ನ ಪ, ಷ ಎರಡೂ ಒಂದೇ ಥರ ಕಾಣುತ್ತಿವೆ, ಸೀಳು ಸ್ವಲ್ಪ ತೆರೆದುಕೊಳ್ಳಲಿ’ ಎಂಬ ಒಂದು ವಾಕ್ಯ ನೂರು ಮೆಚ್ಚುಗೆಗಿಂತ ದೊಡ್ಡದು.

ಆದ್ದರಿಂದ ವಿದ್ಯಾರ್ಥಿಗಳಿಗೆ ನಮ್ಮದೊಂದು ಮಾತು. ಮುಗಿದ ಪೋಸ್ಟರಿನ ಜೊತೆಗೆ ಪೆನ್ಸಿಲಿನ ಗೀಟುಗಳನ್ನೂ ಕೈಬಿಟ್ಟ ಮೂರು ರೂಪಗಳನ್ನೂ ಹಾಕಿ. ಯಾಕೆ ಕೈಬಿಟ್ಟಿರೆಂದು ಕನ್ನಡದಲ್ಲೇ ಬರೆಯಿರಿ. ಎಲ್ಲಿ ಅನುಮಾನವಿದೆಯೋ ಅದನ್ನೇ ಕೇಳಿ; ನಿಖರವಾಗಿ ಕೇಳಿದವರಿಗೇ ನಿಖರವಾದ ಉತ್ತರ ಸಿಗುವುದು. ಹಳೆಯ ಅಂಗಡಿ ಫಲಕದಿಂದ ಅಕ್ಷರ ಎತ್ತಿಕೊಂಡಿದ್ದರೆ ಅದನ್ನು ಬರೆದ ಕಲಾವಿದರ ಹೆಸರನ್ನು ಹುಡುಕಿ, ಮೊದಲು ಅದನ್ನು ಹೇಳಿ. ಈ ಕಸುಬಿನಲ್ಲಿ ಪಳಗಿದವರಲ್ಲಿ ಇನ್ನೊಂದು ವಿನಂತಿ: ವಾರಕ್ಕೆ ಅರ್ಧ ಗಂಟೆ, ಗುರುತಿಲ್ಲದ ಒಬ್ಬ ವಿದ್ಯಾರ್ಥಿಯ ಕೆಲಸ ನೋಡಿ ತಿದ್ದಿ.

ಗೆಳೆತನ ಕನ್ನಡದ ಗಡಿಯಲ್ಲೇ ನಿಲ್ಲಬೇಕಿಲ್ಲ. ಕನ್ನಡ, ತೆಲುಗು ಲಿಪಿಗಳು ಒಂದೇ ಬುಡದಿಂದ ಕವಲೊಡೆದವು. ತಲೆಕಟ್ಟು ಬೇರೆಯಾದರೂ ಒತ್ತಿನ ಪೇಚಾಟ ಇಬ್ಬರದೂ ಒಂದೇ. ಹೈದರಾಬಾದಿನ ವಿದ್ಯಾರ್ಥಿ ನಮ್ಮವರ ಕಷ್ಟವನ್ನು ಎರಡು ಮಾತಿಗೇ ಹಿಡಿದುಬಿಡುತ್ತಾನೆ. ಮುಂಬೈನ ಏಕ್ ಟೈಪ್ ತಂಡ ಹಲವು ಲಿಪಿಗಳಲ್ಲಿ ರೂಪಿಸಿದ ಬಲೂ ಫಾಂಟನ್ನೇ ನೋಡಿ. ಕನ್ನಡದ್ದು ‘ಬಲೂ ತಮ್ಮ’, ತೆಲುಗಿನದು ‘ಬಲೂ ತಮ್ಮುಡು’, ತಮಿಳಿನದು ‘ಬಲೂ ತಂಬಿ’. ಮುಕ್ತ ಪರವಾನಗಿಯ ಫಾಂಟ್ ಅದು. ಯಾವ ಊರಿನ ವಿದ್ಯಾರ್ಥಿಯೂ ಅದರ ಮೂಲ ಕಡತಗಳನ್ನು ತೆರೆದು, ಒಂದೊಂದು ತಿರುವನ್ನೂ ಅಳೆದು ಕಲಿಯಬಹುದು.

ತಮ್ಮ, ತಮ್ಮುಡು, ತಂಬಿ: ಒಂದೇ ಮನೆಯ ಹೆಸರುಗಳು. ಆ ಮನೆಯಲ್ಲಿ ಒಬ್ಬರು ಬರೆದದ್ದನ್ನು ಇನ್ನೊಬ್ಬರು ತಿದ್ದಲಿ.