ಅರಮನೆ ಬಿತ್ತಂತೆ, ಯಾರಿಗೆ ಸೂತಕ?

ಗೆಳೆಯರೇ, ಸ್ಕಾಟ್ಲೆಂಡಿನ ಗ್ಲಾಸ್ಗೋ ಹತ್ತಿರ ಹ್ಯಾಮಿಲ್ಟನ್ ಅರಮನೆ ಅಂತ ಒಂದಿತ್ತು. ಡ್ಯೂಕ್ ಪದವಿಯ ದೊಡ್ಡ ಜಮೀನ್ದಾರರ ವಂಶದ ಮನೆ. 1920ರ ದಶಕದಲ್ಲಿ ಅದನ್ನು ಕೆಡವಿದರು. ಕಲೆಯ ಚರಿತ್ರೆ ಬರೆಯುವವರಿಗೆ ಇವತ್ತಿಗೂ ಅದರ ಸೂತಕ ಕಳೆದಿಲ್ಲ. ಎಂಥ ಚಿತ್ರಗಳಿದ್ದವು, ಎಂಥ ಮೇಜುಗಳಿದ್ದವು ಅಂತ ಒಂದೇ ಗೋಳು. ನಾವು ಕೇಳುವುದು ಬೇರೆ: ಆ ಮನೆಯ ಬುಡದಲ್ಲಿ ಏನಿತ್ತು?

ಕಲ್ಲಿದ್ದಲಿತ್ತು. ಆ ದೇಶದ 1606ರ ಕಾಯಿದೆ ಗಣಿಯಾಳನ್ನು ಒಡೆಯನಿಗೆ ಕಟ್ಟಿಹಾಕಿತ್ತು. ಒಡೆಯನ ಚೀಟಿಯಿಲ್ಲದೆ ಬೇರೆ ಕಡೆ ಕೂಲಿಗೆ ಹೋದವನು ಕಳ್ಳ. ಏನು ಕದ್ದ? ತನ್ನನ್ನೇ ತಾನು ಕದ್ದ! ಈ ಜೀತ ಪೂರ್ತಿ ತೊಲಗಿದ್ದು 1799ರಲ್ಲಿ.

ಮುಂದೆ 10ನೇ ಡ್ಯೂಕ್ ಆದವನು 1810ರಲ್ಲಿ ವಿಲಿಯಂ ಬೆಕ್‌ಫರ್ಡನ ಮಗಳನ್ನು ಮದುವೆಯಾದ. ಬೆಕ್‌ಫರ್ಡನ ಸಿರಿ ಜಮೈಕಾದ ಕಬ್ಬಿನ ತೋಟಗಳದ್ದು, ಗುಲಾಮರ ಬೆವರಿನದ್ದು. 1820ರ ದಶಕದಲ್ಲಿ ಈ ಡ್ಯೂಕ್ ಅರಮನೆಯನ್ನು ಹಿಗ್ಗಿಸಿದ. 1882ರಲ್ಲಿ 12ನೇ ಡ್ಯೂಕ್ ಒಳಗಿನ ಸಾಮಾನನ್ನು ಹರಾಜಿಗಿಟ್ಟ. ಹದಿನೇಳು ದಿನ ಕೂಗಿದರು, ಸುಮಾರು 4 ಲಕ್ಷ ಪೌಂಡು ಬಂತು. ಆಮೇಲೆ ಅರಮನೆಯ ಅಡಿಗೇ ಗಣಿ ತೋಡಲು ಒಪ್ಪಿದರು. ಕುಸಿಯುವ ನೆಲದ ನೆಪ, ಖರ್ಚಿನ ನೆಪ ಹೇಳಿ ಕೆಡವಿದರು. ಗುದ್ದಲಿ ಮುಟ್ಟದೆ ಟನ್ನಿಗಿಷ್ಟು ರಾಜಧನ ಎಣಿಸಿದವರ ಮನೆಯನ್ನು ಕಲ್ಲಿದ್ದಲಿನ ದುರಾಸೆಯೇ ನುಂಗಿತು.

ಅಲ್ಲಿಂದ ಕೂಗಳತೆಯ ದೂರ ಬ್ಲಾಂಟೈರ್. 1877ರ ಅಕ್ಟೋಬರ್ 22ರಂದು ಅಲ್ಲಿನ ಗಣಿ ಸ್ಫೋಟದಲ್ಲಿ 207 ಜನ ಸತ್ತರು. ಆ ಗಣಿ ಒಂದು ಕಂಪನಿಯದು. ಆರು ತಿಂಗಳು ಕಳೆದ ಮೇಲೆ ಕಂಪನಿ 34 ವಿಧವೆಯರ ಮೇಲೆ ಕೋರ್ಟಿಗೆ ಹೋಗಿ, ಮನೆಗಳಿಂದ ಹೊರಹಾಕಿಸಿತು. ಗಂಡ ಸತ್ತ ಮೇಲೆ ಗಂಡನ ಕೂಲಿಯ ಜೊತೆ ಬಂದ ಸೂರೂ ಇಲ್ಲ! ಅವೂ ಕಳೆದುಹೋದ ಮನೆಗಳೇ ಅಲ್ಲವೇನ್ರಪ್ಪಾ? ಅವುಗಳ ಚಿತ್ರ ಯಾರು ಬರೆದಿಟ್ಟರು? ಅವುಗಳ ಒಂದು ಮಡಕೆಯಾದರೂ ಯಾವ ವಸ್ತುಸಂಗ್ರಹಾಲಯದಲ್ಲಿದೆ?

ಅದೇ ಸೀಮೆಯಲ್ಲಿ ಗಣಿಗಿಳಿದು ದುಡಿದ ರಾಬರ್ಟ್ ಸ್ಮಿಲಿ 1919ರಲ್ಲಿ ಸರ್ಕಾರದ ಆಯೋಗದಲ್ಲಿ ಕೂತು, ಭೂಮಾಲೀಕರಿಗೆ ಈ ನೆಲ ನಿಮ್ಮದೆನ್ನಲು ಪತ್ರ ತೋರಿಸಿ ಅಂದ. 1938ರ ಕಾಯಿದೆ ಕಲ್ಲಿದ್ದಲಿನ ಹಕ್ಕನ್ನು ಸರ್ಕಾರಕ್ಕೆ ತಂದಿತು, ಆದರೆ ಒಡೆಯರಿಗೆ ಪರಿಹಾರ ಎಣಿಸಿಕೊಟ್ಟು.

ಮೇಷ್ಟ್ರುಗಳೇ, ಅರಮನೆಯ ಪಾಠ ಮಾಡುವಾಗ ಕಂಬಗಳನ್ನು ಎಣಿಸಿದ್ದು ಸಾಕು. ಆ 34 ಮನೆಗಳನ್ನೂ ಮಕ್ಕಳಿಂದ ಎಣಿಸಿಸಿ. ಬಿದ್ದ ಅರಮನೆಗೆ ನಾವು ಅಳುವುದಿಲ್ಲ. ಅಳುವವರನ್ನು ಲೆಕ್ಕ ಕೇಳುತ್ತೇವೆ.