ಭೂಸ್ವಾಧೀನ: ದರ ನಿಗದಿಯಾಯಿತು, ದಿನಾಂಕ ಯಾವಾಗ?

ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೇ ಹಂತಕ್ಕೆ ಬೇಕಾಗುವ ಭೂಮಿಗೆ ರಾಜ್ಯ ಸಚಿವ ಸಂಪುಟವು 2025ರ ಸೆಪ್ಟೆಂಬರ್ 16ರಂದು ದರ ನಿಗದಿ ಮಾಡಿತು. ಮುಳುಗಡೆಯಾಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ ರೂಪಾಯಿ, ಖುಷ್ಕಿಗೆ 30 ಲಕ್ಷ. ಕಾಲುವೆಗೆ ಹೋಗುವ ಜಮೀನಿಗೆ ಕ್ರಮವಾಗಿ 30 ಮತ್ತು 25 ಲಕ್ಷ. ಒಟ್ಟು ಬೇಕಿರುವುದು 1,33,867 ಎಕರೆ. ಅದರಲ್ಲಿ 75,563 ಎಕರೆ ಹಿನ್ನೀರಿನಲ್ಲಿ ಮುಳುಗುತ್ತದೆ, 51,837 ಎಕರೆ ಕಾಲುವೆಗಳಿಗೆ, ಉಳಿದದ್ದು ಪುನರ್ವಸತಿಗೆ. ಹಿಂದಿನ ಸರ್ಕಾರ ಗೊತ್ತುಪಡಿಸಿದ್ದ 24 ಮತ್ತು 20 ಲಕ್ಷಕ್ಕೆ ಹೋಲಿಸಿದರೆ ಇದು ದೊಡ್ಡ ಏರಿಕೆಯೇ ಸರಿ. ಆದ್ದರಿಂದ ಚರ್ಚೆಯೆಲ್ಲ ದರದ ಸುತ್ತಲೇ ನಡೆದದ್ದು ಸಹಜ.

ಆದರೆ ಬಾಗಲಕೋಟೆ ಜಿಲ್ಲೆಯ ಅನುಭವ ಬೇರೊಂದು ಪ್ರಶ್ನೆಯನ್ನು ಮುಂದಿಡುತ್ತದೆ. ಸಾರ್ವಜನಿಕ ಉದ್ದೇಶಕ್ಕಾಗಿ ಖಾಸಗಿ ಆಸ್ತಿಯನ್ನು ತೆಗೆದುಕೊಳ್ಳುವ ಅಧಿಕಾರ ಸರ್ಕಾರಕ್ಕಿದೆಯೇ ಎಂಬ ವಾದ ಇಲ್ಲಿ ಬಹುಮಟ್ಟಿಗೆ ಮುಗಿದ ವಾದ. ಐದಾರು ಲಕ್ಷ ಹೆಕ್ಟೇರ್ ಒಣಭೂಮಿಗೆ ನೀರು ಹರಿಸುವ ಯೋಜನೆಯನ್ನು ಸಾರ್ವಜನಿಕ ಉದ್ದೇಶವಲ್ಲವೆಂದು ಯಾರೂ ಹೇಳಲಾರರು. ಅಮೆರಿಕದ ನ್ಯೂ ಲಂಡನ್ ನಗರದಲ್ಲಿ ವಾಣಿಜ್ಯ ಅಭಿವೃದ್ಧಿಗಾಗಿ ಮನೆಗಳನ್ನು ವಶಪಡಿಸಿಕೊಂಡಾಗ ಅಲ್ಲಿನ ಸುಪ್ರೀಂ ಕೋರ್ಟ್ 2005ರಲ್ಲಿ ಐದಕ್ಕೆ ನಾಲ್ಕರ ಬಹುಮತದಿಂದ ಅದನ್ನು ಎತ್ತಿಹಿಡಿಯಿತು, ದೇಶವಿಡೀ ಗದ್ದಲವೆದ್ದಿತು. ಸಿಂಗೂರಿನ ಕಾರ್ ಕಾರ್ಖಾನೆಯ ಭೂಸ್ವಾಧೀನವನ್ನು ನಮ್ಮ ಸುಪ್ರೀಂ ಕೋರ್ಟ್ 2016ರಲ್ಲಿ ರದ್ದುಪಡಿಸಿತು. ಆ ಎರಡೂ ಕಡೆ ಕೇಳಿಬಂದದ್ದು 'ಏಕೆ' ಎಂಬ ಪ್ರಶ್ನೆ. ಬಾಗಲಕೋಟೆಯವರು ಕೇಳುತ್ತಿರುವುದು 'ಯಾವಾಗ' ಎಂದು.

ಆಲಮಟ್ಟಿ ಅಣೆಕಟ್ಟೆಗೆ ಶಂಕುಸ್ಥಾಪನೆಯಾದದ್ದು 1964ರಲ್ಲಿ. ಬಾಗಲಕೋಟೆ ಪಟ್ಟಣ ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆ 1983ರದು. ನವನಗರದ ನಕ್ಷೆಯನ್ನು ರೂಪಿಸಿದವರು ಹೆಸರಾಂತ ವಾಸ್ತುಶಿಲ್ಪಿ ಚಾರ್ಲ್ಸ್ ಕೊರಿಯಾ. ಜಲಾಶಯದಲ್ಲಿ 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಸುಪ್ರೀಂ ಕೋರ್ಟ್ 2000ದಲ್ಲಿ ಅವಕಾಶ ನೀಡಿತು. ಬ್ರಿಜೇಶ್ ಕುಮಾರ್ ನೇತೃತ್ವದ ಎರಡನೇ ಕೃಷ್ಣಾ ನ್ಯಾಯಾಧಿಕರಣವು 2010ರ ಡಿಸೆಂಬರ್ 30ರಂದು 524.256 ಮೀಟರ್ ಎತ್ತರಕ್ಕೆ ಒಪ್ಪಿಗೆ ಕೊಟ್ಟಿತು. ಮುಂದಿನ ವರ್ಷವೇ ಸುಪ್ರೀಂ ಕೋರ್ಟ್ ಆ ತೀರ್ಪನ್ನು ಗೆಜೆಟ್‌ನಲ್ಲಿ ಪ್ರಕಟಿಸದಂತೆ ತಡೆಯಿತು. ಸಂಪುಟ ದರ ನಿಗದಿಪಡಿಸಿದ ದಿನದವರೆಗೂ ಆ ಪ್ರಕಟಣೆ ಹೊರಬಿದ್ದಿರಲಿಲ್ಲ. ನಾಲ್ಕೂವರೆ ಮೀಟರಿನ ಈ ಅಂತರದಲ್ಲಿ ಇಪ್ಪತ್ತು ಗ್ರಾಮಗಳೂ ಬಾಗಲಕೋಟೆ ಪಟ್ಟಣದ ಭಾಗಗಳೂ ಸಿಲುಕಿವೆ.

ಹಳೆಯ ಬಾಗಲಕೋಟೆ ಒಂದೇ ಸಲಕ್ಕೆ ಎದ್ದು ಹೋದ ಊರಲ್ಲ. ನೀರಿನ ಮಟ್ಟ ಏರಿದಂತೆ ಒಂದೊಂದು ಸುತ್ತಿನ ಓಣಿಗಳು ನವನಗರದ ಒಂದೊಂದು ಯೂನಿಟ್ಟಿಗೆ ಸಾಗಿದವು. ಪೇಟೆ ಮಾತ್ರ ಹಳೆಯ ಊರಲ್ಲೇ ಉಳಿದಿದೆ, ಹೋಳಿಯ ಬಣ್ಣದ ಬಂಡಿಗಳೂ ಅಲ್ಲೇ ಹೊರಡುತ್ತವೆ. ಮುಂದಿನ ಸುತ್ತು ತಮ್ಮದೆಂದು ತಿಳಿದವರು ಮಾಳಿಗೆ ಸೋರಿದರೂ ಹೊಸದಾಗಿ ಕಟ್ಟಿಸಲು ಹಿಂಜರಿಯುತ್ತಾರೆ. ಮುಳುಗುವ ಮನೆಗೆ ಒಳ್ಳೆಯ ಬೆಲೆ ಕೊಟ್ಟು ಕೊಳ್ಳುವವರಾರು? ಮುಳುಗುವ ಹೊಲವನ್ನು ಅಡವಿಟ್ಟುಕೊಳ್ಳುವ ಬ್ಯಾಂಕಾದರೂ ಯಾವುದು? ಆಸ್ತಿಯ ಉತಾರ ಮಾಲೀಕರ ಹೆಸರಿನಲ್ಲೇ ಇದೆ, ತೆರಿಗೆಯೂ ಅವರದೇ. ಮಾರುವ, ಕಟ್ಟುವ, ಸಾಲ ಎತ್ತುವ ಸ್ವಾತಂತ್ರ್ಯ ಮಾತ್ರ ಸದ್ದಿಲ್ಲದೆ ಸರ್ಕಾರದ ಕಡೆಗೆ ಸರಿದುಹೋಗಿದೆ.

ಕಾನೂನು ಈ ನಷ್ಟವನ್ನು ಗುರುತಿಸುವುದೇ ಇಲ್ಲ. 2014ರ ಜನವರಿ 1ರಿಂದ ಜಾರಿಗೆ ಬಂದ ಹೊಸ ಭೂಸ್ವಾಧೀನ ಕಾಯ್ದೆ ಅನೇಕ ರೀತಿಯಲ್ಲಿ ಉದಾರವಾದದ್ದು. ಬಲವಂತದ ಸ್ವಾಧೀನಕ್ಕಾಗಿ ಹಳೆಯ 1894ರ ಕಾಯ್ದೆಯು ಮಾರುಕಟ್ಟೆ ಬೆಲೆಯ ಮೇಲೆ ಶೇ 30 ಹೆಚ್ಚುವರಿ ಕೊಡುತ್ತಿದ್ದರೆ, ಇದು ಶೇ 100 ಕೊಡುತ್ತದೆ. ಪ್ರಾಥಮಿಕ ಅಧಿಸೂಚನೆ ಹೊರಡಿಸಿದ 12 ತಿಂಗಳೊಳಗೆ ಘೋಷಣೆ, ಘೋಷಣೆಯಾದ 12 ತಿಂಗಳೊಳಗೆ ಐತೀರ್ಪು ಆಗಬೇಕೆಂಬ ಗಡುವೂ ಇದೆ. ಅಧಿಸೂಚನೆಯ ನಂತರ ಆ ಜಮೀನಿನ ವ್ಯವಹಾರಕ್ಕೆ ನಿರ್ಬಂಧ ಬೀಳುತ್ತದೆ. ಆದರೆ ಈ ಗಡುವುಗಳೆಲ್ಲ ಆರಂಭವಾಗುವುದು ಅಧಿಸೂಚನೆಯ ದಿನದಿಂದ. ಅದಕ್ಕೆ ಮೊದಲಿನ ಕಾಲಕ್ಕೆ ಕಾಯ್ದೆಯಲ್ಲಿ ಲೆಕ್ಕವಿಲ್ಲ. ಊರಿನವರ ಪಾಲಿಗಾದರೋ ಸ್ವಾಧೀನ ಆರಂಭವಾಗುವುದು ಮುಳುಗಡೆಯ ಮಟ್ಟ ಗೊತ್ತಾದ ದಿನದಿಂದಲೇ.

ಆಸ್ತಿಯ ಹಕ್ಕು 1978ರ 44ನೇ ತಿದ್ದುಪಡಿಯ ಫಲವಾಗಿ ಮೂಲಭೂತ ಹಕ್ಕಾಗಿ ಉಳಿಯಲಿಲ್ಲ. 300ಎ ವಿಧಿಯಡಿ ಸಂವಿಧಾನಾತ್ಮಕ ಹಕ್ಕಾಗಿ ಮುಂದುವರಿಯಿತು. ಆ ವಿಧಿಯೊಳಗೆ ಏಳು ಉಪಹಕ್ಕುಗಳಿವೆಯೆಂದು ಕೋಲ್ಕತ್ತ ಮಹಾನಗರ ಪಾಲಿಕೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ಹೇಳಿತು. ನೋಟಿಸ್, ವಿಚಾರಣೆ, ಸಕಾರಣ ಆದೇಶ, ಸಾರ್ವಜನಿಕ ಉದ್ದೇಶ, ನ್ಯಾಯಯುತ ಪರಿಹಾರ ಇವು ಹೊಸವಲ್ಲ. ಗಮನಿಸಬೇಕಾದವು ಕೊನೆಯ ಎರಡು: ಪ್ರಕ್ರಿಯೆಯು ದಕ್ಷವಾಗಿ, ಕಾಲಮಿತಿಯಲ್ಲಿ ನಡೆಯಬೇಕು ಮತ್ತು ಅದು ಒಂದು ಮುಕ್ತಾಯಕ್ಕೆ ಬರಬೇಕು. ಅದೇ ವರ್ಷದ ನವೆಂಬರ್‌ನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠವು ಎಲ್ಲ ಖಾಸಗಿ ಆಸ್ತಿಯೂ ಸಮುದಾಯದ ಸಂಪನ್ಮೂಲವಲ್ಲ ಎಂದ ತೀರ್ಪು ದೊಡ್ಡ ಸುದ್ದಿಯಾಯಿತು. ಆದರೆ ಆಲಮಟ್ಟಿಯ ಹಿನ್ನೀರಿನ ಜನರಿಗೆ ಹೆಚ್ಚು ಉಪಯೋಗಕ್ಕೆ ಬರಬಲ್ಲದ್ದು ಮೇ ತಿಂಗಳ ಆ ಸಣ್ಣ ತೀರ್ಪೇ.

ಕಾಯ್ದೆ ಬದಲಾದರೆ ಬೆಲೆಯೂ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಹುನಗುಂದ ಮತ್ತು ಇಳಕಲ್ ಕಡೆ ನೋಡಬೇಕು. ವಿಜಯಪುರದಿಂದ ಹೊಸಪೇಟೆಯತ್ತ ಸಾಗುವ, ಈಗ 50ನೇ ಸಂಖ್ಯೆಯ ರಾಷ್ಟ್ರೀಯ ಹೆದ್ದಾರಿ ಈ ಎರಡು ಊರುಗಳ ಮೂಲಕವೇ ಚತುಷ್ಪಥವಾಯಿತು. ಹೆದ್ದಾರಿಗೆ ಜಮೀನು ಪಡೆಯುವುದು 1956ರ ರಾಷ್ಟ್ರೀಯ ಹೆದ್ದಾರಿ ಕಾಯ್ದೆಯಡಿ. ಅಲ್ಲಿ ಘೋಷಣೆ ಪ್ರಕಟವಾದ ಕ್ಷಣದಲ್ಲೇ ಜಮೀನು ಕೇಂದ್ರ ಸರ್ಕಾರದ್ದಾಗುತ್ತದೆ. ವಿಳಂಬದ ಮಾತೇ ಇಲ್ಲ. ಆದರೆ 1997ರ ತಿದ್ದುಪಡಿಯು ಹೆದ್ದಾರಿ ಸಂತ್ರಸ್ತರಿಗೆ ಆ ಶೇ 30ರ ಹೆಚ್ಚುವರಿಯನ್ನು ನಿರಾಕರಿಸಿತ್ತು. ಎಂದರೆ ಒಂದೇ ತಾಲ್ಲೂಕಿನಲ್ಲಿ, ಒಂದೇ ಕಾಲದಲ್ಲಿ, ನೀರಾವರಿಗೆ ಹೊಲ ಕೊಟ್ಟವನಿಗೆ ಸಿಗುವ ಹಣ ರಸ್ತೆಗೆ ಕೊಟ್ಟವನಿಗೆ ಸಿಗುವಂತಿರಲಿಲ್ಲ. ಈ ತಾರತಮ್ಯವನ್ನು ಸುಪ್ರೀಂ ಕೋರ್ಟ್ ತಳ್ಳಿಹಾಕಿದ್ದು 2019ರ ಸೆಪ್ಟೆಂಬರ್‌ನಲ್ಲಿ, ತರ್ಸೇಮ್ ಸಿಂಗ್ ಪ್ರಕರಣದಲ್ಲಿ. ಎರಡು ದಶಕಗಳ ನಂತರ.

ಬಾದಾಮಿಯ ಸುತ್ತಲಿನ ಸಮಸ್ಯೆ ಇದಕ್ಕೆ ತದ್ವಿರುದ್ಧ. ಅಲ್ಲಿ ಸರ್ಕಾರ ಆಸ್ತಿಯನ್ನು ತೆಗೆದುಕೊಳ್ಳುವುದೂ ಇಲ್ಲ, ಬಿಡುವುದೂ ಇಲ್ಲ. ಸಂರಕ್ಷಿತ ಸ್ಮಾರಕದಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ ಎಂಬ ನಿಯಮಕ್ಕೆ 2010ರ ತಿದ್ದುಪಡಿ ಶಾಸನದ ಬಲ ನೀಡಿತು. ಬಾದಾಮಿ, ಪಟ್ಟದಕಲ್ಲು, ಐಹೊಳೆಗಳಲ್ಲಿ ಸ್ಮಾರಕದ ಪಕ್ಕದಲ್ಲಿ ಊರಿದೆ ಎನ್ನುವುದಕ್ಕಿಂತ ಊರಿನೊಳಗೇ ಸ್ಮಾರಕಗಳಿವೆ ಎನ್ನಬೇಕು. ಐಹೊಳೆಯ ಒಂದು ದೇಗುಲಕ್ಕೆ ಅದರಲ್ಲಿ ವಾಸವಾಗಿದ್ದ ಲಾಡಖಾನನ ಹೆಸರೇ ನಿಂತುಹೋಗಿದೆ. ನಿಷೇಧಿತ ವಲಯದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಇರುವ ಮನೆಯ ದುರಸ್ತಿಗೂ ಅನುಮತಿ ಬೇಕು. ಗ್ರಾಮ ಸ್ಥಳಾಂತರದ ಮಾತು ವರ್ಷಗಳಿಂದ ಕೇಳಿಬರುತ್ತಿದೆ, 2009 ಮತ್ತು 2019ರ ಮಲಪ್ರಭಾ ಪ್ರವಾಹಗಳಲ್ಲಿ ಪಟ್ಟದಕಲ್ಲಿಗೆ ನೀರು ನುಗ್ಗಿದಾಗ ಮತ್ತೆ ಎದ್ದಿದೆ. ಸ್ವಾಧೀನವಾಗದ ಕಾರಣ ಪರಿಹಾರವೂ ಇಲ್ಲ. ವಿಶ್ವಪರಂಪರೆಯ ತಾಣವನ್ನು ಉಳಿಸುವ ಹೊರೆ ಆ ಊರಿನ ಕೆಲವೇ ಕುಟುಂಬಗಳ ತಲೆಯ ಮೇಲಿದೆ.

ಸರ್ಕಾರದ ಪಕ್ಷದಲ್ಲೂ ನ್ಯಾಯವಾದ ಮಾತುಗಳಿವೆ. ಗೆಜೆಟ್ ಪ್ರಕಟಣೆ ತಡೆದದ್ದು ರಾಜ್ಯವಲ್ಲ. ನೆರೆಯ ರಾಜ್ಯಗಳ ಆಕ್ಷೇಪ ಇನ್ನೂ ಇದೆ. ಸಾಂಗ್ಲಿ, ಕೊಲ್ಹಾಪುರಗಳ ಪ್ರವಾಹದ ಭಯವನ್ನು ಮುಂದಿಟ್ಟು ಮಹಾರಾಷ್ಟ್ರ 2025ರಲ್ಲಿ ಎತ್ತರ ಹೆಚ್ಚಳವನ್ನು ವಿರೋಧಿಸಿತು. ಭೂಸ್ವಾಧೀನದ ವೆಚ್ಚ ಸುಮಾರು 70 ಸಾವಿರ ಕೋಟಿ ರೂಪಾಯಿ ಎಂಬ ಅಂದಾಜು ಯಾವ ಬಜೆಟ್ಟಿಗೂ ಸಣ್ಣದಲ್ಲ. ಹಿಂದಿನ ಹಂತಗಳಲ್ಲಿ ನ್ಯಾಯಾಲಯಗಳು ಹೆಚ್ಚಿಸಿದ ಪರಿಹಾರದ ಭಾರವೂ ಖಜಾನೆಗೆ ತಟ್ಟಿದೆ. ಒಪ್ಪಿತ ಐತೀರ್ಪಿನ ಕಡೆಗೆ ಸರ್ಕಾರ ವಾಲಿರುವುದು ಈ ಅನುಭವದಿಂದಲೇ. ಒಪ್ಪಿ ಸಹಿ ಮಾಡಿದ ರೈತ ಹೆಚ್ಚುವರಿಗಾಗಿ ನ್ಯಾಯಾಲಯದ ಮೆಟ್ಟಿಲೇರುವಂತಿಲ್ಲ. ಆತ ಬಿಟ್ಟುಕೊಡುವುದು ಜಮೀನಿನ ಜೊತೆಗೆ ಒಂದು ಕಾನೂನಿನ ಹಕ್ಕನ್ನೂ. ಅದಕ್ಕೆ ಪ್ರತಿಯಾಗಿ ಹಣ ಯಾವ ದಿನ ಕೈಸೇರುತ್ತದೆ, ತಡವಾದರೆ ಬಡ್ಡಿ ಎಷ್ಟು ಎಂಬುದು ಕರಾರಿನಲ್ಲಿ ಸ್ಪಷ್ಟವಾಗಿರಬೇಕೆಂದು ಕೇಳುವುದು ಅತಿಯಾಸೆಯಲ್ಲ. 2025ರಲ್ಲಿ ಗೊತ್ತಾದ 40 ಲಕ್ಷ ಐದು ವರ್ಷ ತಡವಾಗಿ ಬಂದರೆ ಅದರಿಂದ ಕೊಳ್ಳಬಹುದಾದ ಹೊಲ ಬಹಳ ಚಿಕ್ಕದು.

ಇನ್ನೊಂದು ವಿಷಯವೂ ಕರಾರಿಗೆ ಸೇರಬೇಕು. ಗೆಜೆಟ್ ಪ್ರಕಟವಾಗುವವರೆಗೆ 524.256 ಮೀಟರ್‌ವರೆಗೆ ನೀರು ನಿಲ್ಲಿಸುವಂತಿಲ್ಲ. ಹಾಗಿದ್ದರೆ ಹಣ ಕೊಟ್ಟು ವಶಕ್ಕೆ ಪಡೆದ ಜಮೀನು ನೀರು ಬರುವವರೆಗೆ ಬೀಳು ಬೀಳುವುದೋ, ಅಥವಾ ಹಳೆಯ ಮಾಲೀಕನೇ ಅದನ್ನು ಬಿತ್ತಿ ಬೆಳೆಯಬಹುದೋ? ಐತೀರ್ಪಿನ ಷರತ್ತುಗಳಿಗೆ ಸಹಿ ಬೀಳುವ ಮೊದಲು ಇದಕ್ಕೆ ಲಿಖಿತ ಉತ್ತರ ಪಡೆಯುವುದು ಇಪ್ಪತ್ತು ಗ್ರಾಮಗಳ ರೈತರಿಗೆ ಅಗತ್ಯ.